ಹಿರಿಯ ವಿದ್ಯಾರ್ಥಿಗಳು ಕಿರಿಯರನ್ನು ದುಶ್ಚಟದಿಂದ ಕಾಯುವ ಬಗೆ



ಮಗನಿಗೆ ಕೂರಿಗೆ ಹಿಡಿಯುವುದನ್ನು ಕಲಿಸುವುದು ನಮಗೆ ಗೊತ್ತು. ಅಂಗಡಿಯ ಗಾದಿಯ ಮೇಲೆ ಕೂಡಿಸಿ ತೂಕ, ಲೆಕ್ಕ, ಗಿರಾಕಿಯೊಡನೆ ಮಾತು ಕಲಿಸುವುದೂ ಗೊತ್ತು. ಆದರೆ ಅದೇ ಮಗ ಆರನೆಯ ತರಗತಿಯಲ್ಲಿ ಓದುತ್ತಿರುವಾಗ, ಶಾಲೆಯ ಹಿಂದಿನ ಬೇಲಿಯ ಮರೆಗೆ ನಿಂತು ಗೆಳೆಯನ ಅಂಗೈಯಲ್ಲಿದ್ದ ಮಾವಾವನ್ನು ಮೊದಲ ಸಲ ಬಾಯಿಗೆ ಹಾಕಿಕೊಳ್ಳುವ ಗಳಿಗೆಯಲ್ಲಿ ಅವನ ಪಕ್ಕದಲ್ಲಿ ತಂದೆ ಇರುವುದಿಲ್ಲ, ತಾಯಿ ಇರುವುದಿಲ್ಲ, ಶಾಲೆಯ ಗುರುಗಳೂ ಇರುವುದಿಲ್ಲ. ಅಲ್ಲಿರುವವರು ಅವನ ಓರಿಗೆಯವರು ಮತ್ತು ಅವನಿಗಿಂತ ನಾಲ್ಕಾರು ವರ್ಷ ದೊಡ್ಡವರು. ಚಟ ಕಲಿಸುವವರು ಅವರೇ ಆಗಿರುವಾಗ ಚಟದಿಂದ ಕಾಯುವ ಕೆಲಸವನ್ನೂ ಅದೇ ವಯಸ್ಸಿನವರಿಗೆ ಏಕೆ ಒಪ್ಪಿಸಬಾರದು ಎಂಬುದೇ ಈ ಲೇಖನದ ವಿಷಯ.

ಸೋಲಾಪುರ, ವಿಜಯಪುರ, ಕಲಬುರಗಿ, ಸಾಂಗ್ಲಿಗಳ ಕಾಲೇಜುಗಳಲ್ಲಿ ನಮ್ಮ ಊರುಗಳ ನೂರಾರು ತರುಣ ತರುಣಿಯರು ಓದುತ್ತಿದ್ದಾರೆ. ರಜೆಗೆ ಊರಿಗೆ ಬಂದಾಗ ಅವರ ಸುತ್ತ ಸಣ್ಣ ಮಕ್ಕಳು ಹೇಗೆ ಕೂಡುತ್ತಾರೆಂಬುದನ್ನು ನಾವೆಲ್ಲ ಕಂಡಿದ್ದೇವೆ. ಅಣ್ಣ ತೊಟ್ಟ ಅಂಗಿ, ಅಣ್ಣನ ಕ್ರಾಪು, ಅಣ್ಣನ ಮಾತಿನ ಧಾಟಿ ಎಲ್ಲವೂ ಅವರಿಗೆ ಬೇಕು. ಹಿರಿಯರಾದ ನಾವು ಗಂಟೆಗಟ್ಟಲೆ ಹೇಳಿದರೂ ಕಿವಿಗೆ ಹಾಕಿಕೊಳ್ಳದ ಹುಡುಗ ಅಂಥ ಒಬ್ಬ ಅಣ್ಣ ಒಂದು ಮಾತು ಹೇಳಿದರೆ ಕೇಳುತ್ತಾನೆ. ಇದು ಕೇವಲ ನಮ್ಮ ಊಹೆಯಲ್ಲ, ಪರೀಕ್ಷೆ ಮಾಡಿ ನೋಡಿದ ಸಂಗತಿ.

1970ರ ದಶಕದ ಕೊನೆಯಲ್ಲಿ ಅಮೇರಿಕೆಯ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಹೈಸ್ಕೂಲಿನ ದೊಡ್ಡ ವಿದ್ಯಾರ್ಥಿಗಳಿಗೆ ತರಬೇತಿ ಕೊಟ್ಟು ಏಳನೆಯ ತರಗತಿಯ ಮಕ್ಕಳ ಬಳಿಗೆ ಕಳುಹಿಸಿದರು. ಭಾಷಣ ಮಾಡಲಿಕ್ಕಲ್ಲ. ಗೆಳೆಯರು ಒತ್ತಾಯಿಸಿದಾಗ ಬೇಡವೆನ್ನುವುದು ಹೇಗೆ ಎಂಬುದನ್ನು ಆಟದ ರೀತಿಯಲ್ಲಿ ಆಡಿಸಿ ರೂಢಿ ಮಾಡಿಸಲಿಕ್ಕೆ. ಹೀಗೆ ಕಲಿತ ಮಕ್ಕಳಲ್ಲಿ ಸಿಗರೇಟು ಹಿಡಿದವರ ಪ್ರಮಾಣ ಕಲಿಯದ ಮಕ್ಕಳ ಪ್ರಮಾಣದ ಅರ್ಧಕ್ಕಿಂತ ಕಡಿಮೆ ಇತ್ತು. ಮದ್ಯ, ಗಾಂಜಾಗಳನ್ನು ಪದೇ ಪದೇ ಸೇವಿಸುವುದೂ ಕಡಿಮೆಯಾಗಿತ್ತು.

ಅದು ಪರದೇಶದ ಮಾತು ಎನ್ನುವವರಿಗೆ ನಮ್ಮ ದೇಶದ್ದೇ ಉದಾಹರಣೆ ಇದೆ. 2004ರಿಂದ 2006ರವರೆಗೆ ದಿಲ್ಲಿ ಮತ್ತು ಚೆನ್ನೈ ನಗರಗಳ 32 ಶಾಲೆಗಳಲ್ಲಿ 'ಮೈತ್ರಿ' ಎಂಬ ಹೆಸರಿನ ಯೋಜನೆಯೊಂದು ನಡೆಯಿತು. ಆರನೆಯ ಮತ್ತು ಎಂಟನೆಯ ತರಗತಿಯವರನ್ನು ಆರಿಸಿಕೊಂಡು, ಅರ್ಧ ಶಾಲೆಗಳಲ್ಲಿ ಮಕ್ಕಳಲ್ಲೇ ಮುಂದಾಳುಗಳನ್ನು ತಯಾರು ಮಾಡಿ, ಆಟ, ಚರ್ಚೆ, ಗೋಡೆಚಿತ್ರ, ಮನೆಗೆ ಕಳುಹಿಸುವ ಕಾರ್ಡು ಇವುಗಳ ಮೂಲಕ ತಂಬಾಕಿನ ವಿಷಯ ತಿಳಿಸಿದರು. ಉಳಿದ ಶಾಲೆಗಳನ್ನು ಹೋಲಿಕೆಗಾಗಿ ಹಾಗೆಯೇ ಬಿಟ್ಟರು. ಎರಡು ವರ್ಷಗಳಲ್ಲಿ, ಹಾಗೆಯೇ ಬಿಟ್ಟ ಶಾಲೆಗಳಲ್ಲಿ ತಂಬಾಕಿನ ಬಳಕೆ ಶೇಕಡಾ 68ರಷ್ಟು ಏರಿತು. ಕಾರ್ಯಕ್ರಮ ನಡೆದ ಶಾಲೆಗಳಲ್ಲಿ ಶೇಕಡಾ 17ರಷ್ಟು ಇಳಿಯಿತು. ಏನೂ ಮಾಡದೆ ಸುಮ್ಮನಿದ್ದರೆ ಏನಾಗುತ್ತದೆಂಬುದಕ್ಕೆ ಆ ಮೊದಲ ಅಂಕಿಯೇ ಉತ್ತರ.

ಇದೇ ಯೋಜನೆಯ ಆರಂಭದಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಎಂಟನೆಯ ತರಗತಿಯವರಿಗಿಂತ ಆರನೆಯ ತರಗತಿಯ ಮಕ್ಕಳಲ್ಲಿಯೇ ತಂಬಾಕು ಮುಟ್ಟಿದವರು ಹೆಚ್ಚಾಗಿದ್ದರು. 2019ರಲ್ಲಿ ದೇಶದಾದ್ಯಂತ 13ರಿಂದ 15 ವಯಸ್ಸಿನ ಶಾಲಾ ಮಕ್ಕಳಲ್ಲಿ ನಡೆದ ತಂಬಾಕು ಸಮೀಕ್ಷೆಯೂ ಇದನ್ನೇ ಹೇಳುತ್ತದೆ. ಜಗಿಯುವ ತಂಬಾಕನ್ನು ಮಕ್ಕಳು ಮೊದಲು ಮುಟ್ಟಿದ ವಯಸ್ಸು ಸರಾಸರಿ ಹತ್ತರ ಆಸುಪಾಸು, ಬೀಡಿ ಹತ್ತೂವರೆ, ಸಿಗರೇಟು ಹನ್ನೊಂದೂವರೆ. ಹತ್ತು ವರ್ಷವೆಂದರೆ ನಾಲ್ಕನೆಯ ಅಥವಾ ಐದನೆಯ ತರಗತಿ! ಮೀಸೆ ಚಿಗುರಿದ ಮೇಲೆ ಹುಡುಗನ ಕಿಸೆ ತಪಾಸಣೆ ಮಾಡುವ ನಮ್ಮ ರೂಢಿ ಎಷ್ಟು ತಡವಾದದ್ದೆಂಬುದನ್ನು ಮನಗಾಣಬೇಕು. ಆದುದರಿಂದ ನಮ್ಮ ಕಾಲೇಜು ವಿದ್ಯಾರ್ಥಿಗಳು ಹೋಗಬೇಕಾದುದು ಐದರಿಂದ ಎಂಟನೆಯ ತರಗತಿಗಳಿಗೆ. ಹತ್ತನೆಯದಕ್ಕೆ ಹೋದರೆ ಬೇಡವೆಂದಲ್ಲ, ಆದರೆ ಬೇಲಿ ಹಾಕುವ ಕಾಲ ಅಲ್ಲಿಗೆ ಮುಗಿದಿರುತ್ತದೆ.

ಗಡಿ ಭಾಗದ ಪರಿಸ್ಥಿತಿಯನ್ನು ಸ್ವಲ್ಪ ವಿಚಾರಿಸೋಣ. ಗುಟಕಾವನ್ನು ಕೇರಳ ಮತ್ತು ಮಹಾರಾಷ್ಟ್ರ ಸರ್ಕಾರಗಳು 2012ರಲ್ಲಿ, ಕರ್ನಾಟಕ ಸರ್ಕಾರ 2013ರಲ್ಲಿ ನಿಷೇಧಿಸಿದವು. ನಿಷೇಧವಾದ ಮೇಲೆ ಪಾನ್ ಮಸಾಲೆ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದು ಚೀಟಿಯಲ್ಲಿ ಬರತೊಡಗಿತು. ಕೊಳ್ಳುವವನೇ ಎರಡನ್ನೂ ಕೂಡಿಸಿಕೊಂಡರಾಯಿತು. ಒಂದು ರಾಜ್ಯದಲ್ಲಿ ಬಿಗಿಯಾದರೆ ಇನ್ನೊಂದು ಕಡೆಯಿಂದ ಮಾಲು ಬರುವುದು ಗಡಿಯವರಾದ ನಮಗೆ ಹೊಸದಲ್ಲ. ಇದಲ್ಲದೆ ಅಡಿಕೆ, ತಂಬಾಕು, ಸುಣ್ಣ ತಿಕ್ಕಿ ಕಟ್ಟಿಕೊಡುವ ಮಾವಾ ಇದೆ. ಹಲ್ಲುಜ್ಜುವ ನೆವದಲ್ಲಿ ಹೆಣ್ಣುಮಕ್ಕಳ ಬಾಯಿ ಸೇರಿರುವ ಮಿಸರಿ ಇದೆ. ಅಜ್ಜಿಯ ಬೆರಳಿನಿಂದ ಮೊಮ್ಮಗಳ ಬೆರಳಿಗೆ ಅದು ದಾಟುವುದನ್ನು ಯಾರೂ ಚಟವೆಂದೇ ಎಣಿಸುವುದಿಲ್ಲ. ಸೈಕಲ್ ಟ್ಯೂಬಿಗೆ ಹಚ್ಚುವ ಸಲ್ಯೂಷನ್, ಬರವಣಿಗೆ ಅಳಿಸುವ ಬಿಳಿ ದ್ರವ, ಬಣ್ಣದ ಥಿನ್ನರ್ ಇವುಗಳನ್ನು ಬಟ್ಟೆಗೆ ಸುರುವಿ ಮೂಸುವ ಮಕ್ಕಳು ಬಸ್ ನಿಲ್ದಾಣ, ರೈಲು ನಿಲ್ದಾಣಗಳಲ್ಲಿ ಕಾಣುತ್ತಾರೆ. 2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ದೊಡ್ಡವರಿಗಿಂತ ಮಕ್ಕಳಲ್ಲಿಯೇ ಹೆಚ್ಚು ಪ್ರಮಾಣದಲ್ಲಿ ಕಂಡುಬಂದ ಒಂದೇ ಒಂದು ಅಮಲು ಈ ಮೂಸುವ ಪದಾರ್ಥ. ಸುಮಾರು 4.6 ಲಕ್ಷ ಮಕ್ಕಳಿಗೆ ಇದರಿಂದ ಹೊರಬರಲು ಸಹಾಯ ಬೇಕಾಗಿದೆ ಎಂದು ಆ ವರದಿ ಅಂದಾಜು ಮಾಡಿತ್ತು. ಇದು ಪೇಟೆಯ ಭಾರಿ ಕಳ್ಳ ದಂಧೆಯಲ್ಲ. ಕಿರಾಣಿ ಅಂಗಡಿಯಲ್ಲಿ, ಪುಸ್ತಕದ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುವ ವಸ್ತು. ಗಾಂಜಾದ ಮಾತು ಮುಂದೆ ಬರುತ್ತದೆ.

ಇನ್ನು ಕಾಲೇಜು ವಿದ್ಯಾರ್ಥಿಗಳು ತರಗತಿಗೆ ಹೋಗಿ ಏನು ಮಾಡಬೇಕು? ಮೊದಲು ಏನು ಮಾಡಬಾರದು ಎಂಬುದನ್ನು ಹೇಳುವುದು ಉತ್ತಮ. ಏಕೆಂದರೆ ಈ ವಿಷಯದಲ್ಲಿ ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸವೂ ವ್ಯರ್ಥವಾಗಬಹುದು, ಕೆಲವೊಮ್ಮೆ ಕೇಡನ್ನೇ ಮಾಡಬಹುದು. ಅಮೇರಿಕೆಯಲ್ಲಿ 1983ರಲ್ಲಿ ಲಾಸ್ ಏಂಜಲಿಸ್ ನಗರದಿಂದ ಆರಂಭವಾದ 'ಡೇರ್' ಎಂಬ ಕಾರ್ಯಕ್ರಮದಲ್ಲಿ ಸಮವಸ್ತ್ರ ತೊಟ್ಟ ಪೊಲೀಸರೇ ಶಾಲೆಗೆ ಬಂದು ಪಾಠ ಹೇಳುತ್ತಿದ್ದರು. ದೇಶದ ತುಂಬ ಹಬ್ಬಿತು, ಅಪಾರ ಹಣ ಖರ್ಚಾಯಿತು. ಆದರೆ ವಿದ್ವಾಂಸರು ಲೆಕ್ಕ ಹಾಕಿ ನೋಡಿದಾಗ ಮಕ್ಕಳ ನಡತೆಯಲ್ಲಿ ಅದರಿಂದಾದ ಬದಲಾವಣೆ ಇಲ್ಲವೆನ್ನುವಷ್ಟು ಅಲ್ಪವಾಗಿತ್ತು. ಕೊನೆಗೆ ಪಾಠಕ್ರಮವನ್ನೇ ಬದಲಿಸಬೇಕಾಯಿತು. ಹೆದರಿಸುವುದರಿಂದ ಮಕ್ಕಳು ದೂರ ಸರಿಯುತ್ತಾರೆಂಬುದು ನಮ್ಮ ಭ್ರಮೆ. ಕೊಳೆತ ದವಡೆಯ ಚಿತ್ರ ತೋರಿಸಿ 'ಒಂದು ಸಲ ತಿಂದರೆ ಸತ್ತೇ ಹೋಗುತ್ತೀರಿ' ಎಂದರೆ, ಹುಡುಗ ಮನೆಗೆ ಹೋಗಿ ಮೂವತ್ತು ವರ್ಷದಿಂದ ತಂಬಾಕು ತಿನ್ನುತ್ತ ಗಟ್ಟಿಮುಟ್ಟಾಗಿರುವ ತನ್ನ ಕಾಕಾನನ್ನು ನೋಡುತ್ತಾನೆ. ಅಲ್ಲಿಗೆ ನೀವು ಹೇಳಿದ ಉಳಿದ ಮಾತುಗಳೂ ಅವನ ಪಾಲಿಗೆ ಸುಳ್ಳಾಗುತ್ತವೆ.

ನಮ್ಮಲ್ಲಿ ಇನ್ನೊಂದು ಪದ್ಧತಿ ಇದೆ. ಕುಡಿತ ಬಿಟ್ಟವರನ್ನು ವೇದಿಕೆಗೆ ಕರೆದು ಅವರ ಕಥೆ ಹೇಳಿಸುವುದು. ಕುಡಿಯುವ ಹಿರಿಯರಿಗೆ ಅದರಿಂದ ಧೈರ್ಯ ಬರುತ್ತದೆ, ಸಂದೇಹವಿಲ್ಲ. ಆದರೆ ಚಟವೇ ಇಲ್ಲದ ಸಣ್ಣ ಮಕ್ಕಳ ಮುಂದೆ ಅದೇ ಕಥೆ ಬೇರೆ ಅರ್ಥ ಕೊಡುತ್ತದೆ. 'ಕುಡಿದು ನೋಡಿ ಆಮೇಲೆ ಬಿಟ್ಟರೂ ನಡೆಯುತ್ತದೆ, ಹಾರ ಹಾಕಿ ಸನ್ಮಾನವನ್ನೂ ಮಾಡುತ್ತಾರೆ' ಎಂದು ಅವು ತಿಳಿಯುತ್ತವೆ. ವಿಶ್ವಸಂಸ್ಥೆಯ ಮಾದಕವಸ್ತು ಕಚೇರಿ ಹಾಗೂ ವಿಶ್ವ ಆರೋಗ್ಯ ಸಂಸ್ಥೆ ಕೂಡಿ ಹೊರತಂದ ಮಾರ್ಗದರ್ಶಿಯೂ ಶಾಲಾ ಮಕ್ಕಳಿಗೆ ಬರೀ ಭಾಷಣ, ಹೆದರಿಕೆ, ಚಟ ಬಿಟ್ಟವರ ಆತ್ಮಕಥನ ಈ ಮೂರೂ ಉಪಯೋಗವಿಲ್ಲವೆಂದೇ ಹೇಳುತ್ತದೆ. ಹಾಗೆಯೇ ಯಾವ ಅಮಲು ಪದಾರ್ಥ ಹೇಗಿರುತ್ತದೆ, ಎಲ್ಲಿ ಸಿಗುತ್ತದೆ, ಹೇಗೆ ಸೇವಿಸುತ್ತಾರೆ ಎಂಬ ವಿವರಣೆ ಬೇಡವೇ ಬೇಡ. ಮಾಹಿತಿ ಕೊಡಲು ಹೋಗಿ ದಾರಿ ತೋರಿಸಿದಂತಾಗುತ್ತದೆ.

ಮಾಡಬೇಕಾದುದು ಎರಡು ಮೂರು ಸಣ್ಣ ಕೆಲಸ. ಮೊದಲನೆಯದು ಲೆಕ್ಕದ ಆಟ. ಮಕ್ಕಳಿಗೆ ಒಂದೊಂದು ಚೀಟಿ ಕೊಟ್ಟು, ಹೆಸರು ಬರೆಯದೆ, 'ನಿನ್ನ ವಯಸ್ಸಿನ ನೂರು ಮಕ್ಕಳಲ್ಲಿ ಎಷ್ಟು ಮಂದಿ ತಂಬಾಕು ಮುಟ್ಟುತ್ತಾರೆ?' ಎಂದು ಬರೆಸಬೇಕು. ಮಕ್ಕಳು ಸಾಮಾನ್ಯವಾಗಿ ಇದ್ದುದಕ್ಕಿಂತ ಬಹಳ ಹೆಚ್ಚಿನ ಸಂಖ್ಯೆ ಬರೆಯುತ್ತಾರೆ. 2019ರ ಸಮೀಕ್ಷೆಯಲ್ಲಿ ಕಂಡ ಸಂಖ್ಯೆ ಶೇಕಡಾ 8.5. ಅಂದರೆ ನೂರರಲ್ಲಿ ತೊಂಬತ್ತೊಂದು ಮಂದಿ ಮುಟ್ಟುವುದಿಲ್ಲ. 'ಎಲ್ಲರೂ ತಿನ್ನುತ್ತಾರೆ' ಎಂಬುದೇ ಚಟ ಹಚ್ಚುವವನ ದೊಡ್ಡ ಬಂಡವಾಳ. ಆ ಬಂಡವಾಳ ಖೋಟಾ ಎಂದು ಮಗುವಿಗೆ ತಿಳಿದರೆ ಅರ್ಧ ಕೆಲಸವಾದಂತೆ.

ಎರಡನೆಯದು ಬೇಡವೆನ್ನುವುದನ್ನು ಬಾಯಿಪಾಠವಲ್ಲ, ಬಾಯಿರೂಢಿ ಮಾಡಿಸುವುದು. ಮಗುವಿಗೆ ತಂಬಾಕು ಕೆಟ್ಟದ್ದೆಂದು ಮೊದಲೇ ಗೊತ್ತಿರುತ್ತದೆ. ಗೊತ್ತಿಲ್ಲದ್ದು, ಗೆಳೆಯ ಕೈ ಚಾಚಿದಾಗ ಗೆಳೆತನ ಮುರಿಯದೆ, ನಗೆಗೀಡಾಗದೆ ಹೇಗೆ ತಪ್ಪಿಸಿಕೊಳ್ಳಬೇಕೆಂಬುದು. ಕಾಲೇಜಿನ ಇಬ್ಬರು ಮುಂದೆ ನಿಂತು ಆಡಿ ತೋರಿಸಲಿ.

"ಏ, ಒಂದ್ ಚಿಟಿಕಿ ಹಾಕ್ಕೋಳಲೇ, ಏನೂ ಆಗಂಗಿಲ್ಲ."

"ಬ್ಯಾಡೋ, ನನಗ ಒಗ್ಗಂಗಿಲ್ಲ."

"ಹೆದರ್ತಿ ಅನು. ನಿಮ್ಮಪ್ಪನೂ ತಿಂತಾನಲ್ಲ?"

"ತಿಂತಾನ, ಅದಕ್ಕs ನನಗ ಗೊತ್ತೈತಿ. ಬಾ, ಕಬಡ್ಡಿ ಆಡೂಣು, ಅಲ್ಲಿ ನೋಡೂಣು ಯಾರು ಹೆದರ್ತಾರ."

ಇದಿಷ್ಟೇ. ಆಮೇಲೆ ಮಕ್ಕಳಿಂದಲೇ ಆಡಿಸಬೇಕು. ಒತ್ತಾಯ ಮಾಡುವವನು ಸುಮ್ಮನೆ ಸೋಲಬಾರದು. ಚೇಷ್ಟೆ ಮಾಡಲಿ, ಆಣೆ ಹಾಕಲಿ, 'ನಾಳೆಯಿಂದ ನಿನ್ನ ಕೂಡ ಮಾತಿಲ್ಲ' ಎನ್ನಲಿ. ಪ್ರತಿಯೊಂದಕ್ಕೂ ಮಕ್ಕಳೇ ತಮ್ಮ ಉತ್ತರ ಹುಡುಕಲಿ. ಅವರ ಉತ್ತರಗಳು ನಾವು ಬರೆದುಕೊಟ್ಟವುಗಳಿಗಿಂತ ಚುರುಕಾಗಿರುತ್ತವೆ. ಒಬ್ಬ ಹುಡುಗಿ ಹೇಳಿದ ಉತ್ತರ ಕೇಳಿ ತರಗತಿಯೆಲ್ಲ ನಕ್ಕರೆ, ಆ ಉತ್ತರ ಮರುದಿನ ಆಟದ ಬಯಲಿಗೆ ಹೋಗುತ್ತದೆ. ಇಲ್ಲಿ ಆಡುಮಾತೇ ಬೇಕು, ಗ್ರಂಥದ ಭಾಷೆ ಬೇಡ. ಮಹಾರಾಷ್ಟ್ರದ ನಮ್ಮ ಕನ್ನಡ ಶಾಲೆಗಳ ಮಕ್ಕಳಿಗೆ ಸರ್ಕಾರದ ಭಿತ್ತಿಪತ್ರಗಳು ಹೆಚ್ಚಾಗಿ ಮರಾಠಿಯಲ್ಲಿ ಬರುತ್ತವೆ. ಮಕ್ಕಳು ಓದಿಕೊಳ್ಳುತ್ತಾರೆ, ನಿಜ; ಆದರೆ ಗೆಳೆಯನಿಗೆ ಬೇಡವೆನ್ನುವುದು ಮನೆಯ ಮಾತಿನಲ್ಲಿಯೇ. ಅದನ್ನು ಕಲಿಸಲು ನಮ್ಮ ಊರಿನ ಮಕ್ಕಳಿಗಿಂತ ಯೋಗ್ಯರು ಯಾರು? ಕಾಸರಗೋಡಿನವರು, ತಾಳವಾಡಿಯವರು, ಮಡಕಶಿರಾದವರು ತಂತಮ್ಮ ಆಡುಮಾತಿನಲ್ಲಿ ಇದನ್ನೇ ಮಾಡಬಹುದು.

ಮೂರನೆಯದು ದೇಹದ ಪಾಠ. ಹತ್ತು ಹನ್ನೆರಡರ ಮಗುವಿಗೆ ನಲವತ್ತನೆಯ ವಯಸ್ಸಿನ ಕ್ಯಾನ್ಸರ್ ಬಹು ದೂರದ ಮಾತು. ಹತ್ತಿರದ್ದನ್ನು ಹೇಳಬೇಕು. ಓಡುವಾಗ ಬರುವ ಏದುಸಿರು, ಬಾಯಿಯ ದುರ್ವಾಸನೆ, ಹಲ್ಲಿನ ಕಲೆ, ಖಾರ ತಿಂದರೆ ಉರಿಯುವ ಬಾಯಿ. ತಂಬಾಕಿಲ್ಲದ ಬರೀ ಅಡಿಕೆ ಮಸಾಲೆಯೂ ನಿರಪಾಯವಲ್ಲ. ಅದನ್ನು ನಿತ್ಯ ಜಗಿಯುವವರ ಬಾಯಿಯ ಒಳಪದರ ಗಡುಸಾಗಿ ಬಾಯಿ ತೆರೆಯುವುದೇ ಕಡಿಮೆಯಾಗುತ್ತದೆ. ತನ್ನ ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಮೇಲಿನ ಹಾಗೂ ಕೆಳಗಿನ ಹಲ್ಲುಗಳ ನಡುವೆ ಹಿಡಿಸಲು ಬರದಿದ್ದರೆ ದಂತವೈದ್ಯರಿಗೆ ತೋರಿಸಬೇಕು. ಈ ಪರೀಕ್ಷೆಯನ್ನು ತರಗತಿಯಲ್ಲಿ ಎಲ್ಲರೆದುರು ಮಾಡಿಸಬಾರದು. ಆಗದಿದ್ದ ಮಗುವಿನ ಮಾನ ಹೋಗುತ್ತದೆ. ಮನೆಯಲ್ಲಿ ಮಾಡಿ ನೋಡಲು ಹೇಳಿದರೆ ಅಪ್ಪ, ಅಜ್ಜ ಎಲ್ಲರ ಪರೀಕ್ಷೆಯೂ ಆಗುತ್ತದೆ.

ಮಕ್ಕಳ ಮುಂದೆ ಮಾತನಾಡುವಾಗ ಒಂದು ವಿಷಯ ಲಕ್ಷ್ಯದಲ್ಲಿಡಬೇಕು. ಸೋಲಾಪುರದಲ್ಲಿ ಬೀಡಿ ಕಟ್ಟಿ ಮಕ್ಕಳನ್ನು ಓದಿಸುವ ತಾಯಂದಿರು ಸಾವಿರಾರು. ನಿಪ್ಪಾಣಿ ಕಡೆ ತಂಬಾಕು ಬೆಳೆದು ಬಾಳುವ ರೈತರಿದ್ದಾರೆ. ಪಾನಪಟ್ಟಿ ಅಂಗಡಿಯವರ ಮಕ್ಕಳೂ ಅದೇ ಹಲಗೆಯ ಮೇಲೆ ಕೂತಿರುತ್ತಾರೆ. ತಂದೆ ತಾಯಿಗಳ ಹೊಟ್ಟೆಪಾಡನ್ನು ಹೀಯಾಳಿಸುವ ಒಂದು ಮಾತೂ ಬಾಯಿಂದ ಬರಬಾರದು. 'ನಿಮ್ಮ ಅವ್ವ ಕಟ್ಟಿದ ಬೀಡಿಯಿಂದ ಇಷ್ಟು ಮಂದಿ ಸತ್ತರು' ಎಂದು ಹೇಳುವುದು ಉಪದೇಶವಲ್ಲ, ಕ್ರೌರ್ಯ.

ತರಗತಿಯಲ್ಲಿ ಆಗಲೇ ಚಟ ಹಿಡಿದ ನಾಲ್ಕೈದು ಹುಡುಗರಿದ್ದರೆ ಅವರನ್ನು ಬೇರೆ ಮಾಡಿ ಒಂದೇ ಗುಂಪಿನಲ್ಲಿ ಕೂಡಿಸಿ ಬುದ್ಧಿ ಹೇಳುವುದು ಅನೇಕ ಕಡೆ ನಡೆಯುತ್ತದೆ. ಇದು ಅಪಾಯಕರ. ಅಂಥ ಗುಂಪಿನಲ್ಲಿ ಒಬ್ಬರಿಗೊಬ್ಬರು ಪ್ರೋತ್ಸಾಹ ಕೊಟ್ಟುಕೊಂಡು ಚಟ ಹೆಚ್ಚಾದದ್ದೇ ಅಧ್ಯಯನಗಳಲ್ಲಿ ಕಂಡುಬಂದಿದೆ. ಅವರನ್ನು ಒಳ್ಳೆಯ ಹುಡುಗರ ನಡುವೆಯೇ ಹಂಚಿ, ಆಟಕ್ಕೆ, ಭಜನೆಗೆ, ಕೆಲಸಕ್ಕೆ ಹಚ್ಚಬೇಕು. ಬೇಕಾದರೆ ಒಬ್ಬೊಬ್ಬರನ್ನೇ ಕರೆದು ಮಾತನಾಡಿಸಬೇಕು.

ಕಾಲೇಜು ವಿದ್ಯಾರ್ಥಿಗಳಿಗೆ ಇದಕ್ಕೆ ವೇಳೆ ಎಲ್ಲಿದೆ ಎಂದು ಕೆಲವು ಪಾಲಕರು ಕೇಳಬಹುದು. ಗಾಂಧೀಜಿಯವರ ಶತಾಬ್ದಿ ವರ್ಷವಾದ 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆ ಇಂದು ಬಹುತೇಕ ಕಾಲೇಜುಗಳಲ್ಲಿದೆ. ಅದರ ಸ್ವಯಂಸೇವಕರು ಎರಡು ವರ್ಷಗಳಲ್ಲಿ 240 ತಾಸು ಸೇವೆ ಮಾಡಬೇಕು, ಆಯ್ದುಕೊಂಡ ಹಳ್ಳಿಯಲ್ಲಿ ಏಳು ದಿನಗಳ ಶಿಬಿರವನ್ನೂ ನಡೆಸಬೇಕು. ರಸ್ತೆ ಕಸಗುಡಿಸುವುದರಲ್ಲಿಯೇ ಆ ತಾಸುಗಳೆಲ್ಲ ಮುಗಿಯಬೇಕೆಂದಿಲ್ಲ. 2020ರ ಆಗಸ್ಟ್ 15ರಂದು 272 ಜಿಲ್ಲೆಗಳಲ್ಲಿ ಆರಂಭವಾದ ಕೇಂದ್ರ ಸರ್ಕಾರದ ನಶಾ ಮುಕ್ತ ಭಾರತ ಅಭಿಯಾನವೂ ಯುವಕರನ್ನು ಸ್ವಯಂಸೇವಕರನ್ನಾಗಿ ಕರೆಯುತ್ತದೆ. ಕೇರಳದ ಅಬಕಾರಿ ಇಲಾಖೆ 2016ರಿಂದ 'ವಿಮುಕ್ತಿ' ಎಂಬ ಹೆಸರಿನಲ್ಲಿ ಶಾಲಾ ಕಾಲೇಜುಗಳಲ್ಲಿ ಇದೇ ಕೆಲಸ ನಡೆಸಿದೆ. ಕಾಸರಗೋಡಿನ ನಮ್ಮ ಬಂಧುಗಳು ಅದರ ಉಪಯೋಗ ಪಡೆಯಬಹುದು.

ಆರಿಸುವಾಗ ಜಾಣರನ್ನಷ್ಟೇ ಆರಿಸಬೇಡಿರಿ. ಮಕ್ಕಳು ಯಾರ ಹಿಂದೆ ಹೋಗುತ್ತಾರೋ ಅವರು ಬೇಕು. ವಾಲಿಬಾಲ್ ಆಡುವವನು, ಹಾಡುವವಳು, ನಗಿಸುವವನು. ಆದರೆ ಒಂದು ಕಟ್ಟು: ತಾನು ತಂಬಾಕು ತಿನ್ನುವವನು, ಕದ್ದು ಸೇದುವವನು ಈ ಕೆಲಸಕ್ಕೆ ಬರಲಾಗದು. ಮಕ್ಕಳ ಕಣ್ಣಿಗೆ ಏನೂ ಮುಚ್ಚಿಡಲಾಗುವುದಿಲ್ಲ. ಮುಖ್ಯಾಧ್ಯಾಪಕರ ಅನುಮತಿ ಪಡೆದು, ಒಬ್ಬರೇ ಹೋಗದೆ ಇಬ್ಬಿಬ್ಬರಾಗಿ, ಶಾಲೆಯ ಒಬ್ಬ ಶಿಕ್ಷಕರು ಇರುವಾಗಲೇ ತರಗತಿ ನಡೆಸಬೇಕು. ಹೆಣ್ಣುಮಕ್ಕಳ ಶಾಲೆಗೆ ಕಾಲೇಜಿನ ಹೆಣ್ಣುಮಕ್ಕಳೇ ಹೋಗಲಿ. ಮಿಸರಿಯ ಮಾತು ಗಂಡುಮಕ್ಕಳಿಂದ ಬಗೆಹರಿಯುವಂಥದಲ್ಲ.

ಯಾವುದಾದರೂ ಮಗು ಗುಟ್ಟಾಗಿ ಬಂದು 'ಅಣ್ಣಾ, ನಾ ಸಲ್ಯೂಷನ್ ಮೂಸತೇನಿ' ಎಂದರೆ? ಮೊದಲು ಬೈಯಬಾರದು. ಹೇಳಿಕೊಂಡದ್ದೇ ದೊಡ್ಡದು. ಎಲ್ಲರಿಗೂ ಸಾರಬಾರದು. ಹಾಗೆಂದು ಎಲ್ಲವನ್ನೂ ಗುಟ್ಟಾಗಿಡುವೆನೆಂದು ವಚನವನ್ನೂ ಕೊಡಬಾರದು. 'ನಿನ್ನ ಸಲುವಾಗಿ ಒಬ್ಬ ಗುರುಗಳಿಗೆ ಹೇಳಬೇಕಾಗತೈತಿ, ನೀನೂ ನನ್ನ ಕೂಡ ಬಾ' ಎಂದು ಕರೆದುಕೊಂಡು ಹೋಗಬೇಕು. ಮೂಸುವ ಪದಾರ್ಥದಿಂದ ಹೃದಯದ ಬಡಿತವೇ ತಪ್ಪಿ ಒಮ್ಮೆಲೇ ಸಾವು ಬರಬಹುದಾದ್ದರಿಂದ ಇದು ಕಾಯುತ್ತ ಕೂಡುವ ವಿಷಯವಲ್ಲ. ಚಟದ ವಿಷಯದಲ್ಲಿ ಸಲಹೆಗೆ 14446, ಮಾನಸಿಕ ಆರೋಗ್ಯಕ್ಕೆ 14416, ಆಪತ್ತಿನಲ್ಲಿರುವ ಮಕ್ಕಳಿಗಾಗಿ 1098 ಸಂಖ್ಯೆಗಳಿಗೆ ಹಣವಿಲ್ಲದೆ ಫೋನು ಮಾಡಬಹುದು. 14416ರಲ್ಲಿ ಕನ್ನಡದಲ್ಲಿಯೂ ಮಾತನಾಡುತ್ತಾರೆ. ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಗಳಿವೆ. ಪುಣೆಯಲ್ಲಿ ಡಾ. ಅನಿತಾ ಅವಚಟ ಹಾಗೂ ಲೇಖಕ ಅನಿಲ ಅವಚಟ ದಂಪತಿಗಳು 1986ರಲ್ಲಿ ಸ್ಥಾಪಿಸಿದ 'ಮುಕ್ತಾಂಗಣ' ಇದೆ. ಮರಾಠಿಯ ಪ್ರಸಿದ್ಧ ಸಾಹಿತಿ ಪು. ಲ. ದೇಶಪಾಂಡೆಯವರ ನೆರವಿನಿಂದ ಅದು ಆರಂಭವಾಯಿತು. ಕಾಲೇಜು ವಿದ್ಯಾರ್ಥಿ ವೈದ್ಯನೂ ಅಲ್ಲ, ಪೊಲೀಸನೂ ಅಲ್ಲ. ಮಗುವನ್ನು ಬಾಗಿಲವರೆಗೆ ಮುಟ್ಟಿಸುವುದಷ್ಟೇ ಅವನ ಕೆಲಸ.

ಪೊಲೀಸರ ಹೆದರಿಕೆಯಿಂದ ಪಾಲಕರು ಮಗನ ಚಟವನ್ನು ಮುಚ್ಚಿಡುವುದುಂಟು. 1985ರ ಮಾದಕವಸ್ತು ಕಾಯಿದೆಯ 64-ಎ ಕಲಮಿನ ಪ್ರಕಾರ, ಚಟಕ್ಕೆ ಬಿದ್ದವನು ಸೇವನೆಗಾಗಿ ಅಥವಾ ಅಲ್ಪ ಪ್ರಮಾಣವನ್ನು ಹೊಂದಿದ್ದಕ್ಕಾಗಿ ಆರೋಪಕ್ಕೆ ಗುರಿಯಾಗಿದ್ದರೂ, ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಬಂದರೆ ಅವನ ಮೇಲೆ ಆ ಖಟ್ಲೆ ನಡೆಯುವುದಿಲ್ಲ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಈ ರಕ್ಷಣೆ ಹೋಗಬಹುದು. ಮಾರುವವನಿಗೆ ಈ ರಿಯಾಯಿತಿ ಇಲ್ಲ.

ಮಕ್ಕಳನ್ನು ಕಲಿಸಿ ಕಳುಹಿಸಿದರೂ ಊರು ಹಾಗೆಯೇ ಇದ್ದರೆ ಆ ಕಲಿಕೆ ಎಷ್ಟು ದಿನ ಬಾಳೀತು? ಇಲ್ಲಿ ವ್ಯಾಪಾರಸ್ಥ ಭಕ್ತರಿಗೆ ನಾವು ಸ್ವಲ್ಪ ಕಟುವಾಗಿಯೇ ಹೇಳಬೇಕಾಗಿದೆ. 2003ರ ತಂಬಾಕು ಕಾಯಿದೆಯಂತೆ ಶಾಲೆ ಕಾಲೇಜುಗಳ ನೂರು ಗಜದೊಳಗೆ ತಂಬಾಕು ಮಾರಬಾರದು. ಹದಿನೆಂಟು ತುಂಬದವರಿಗೆ ಮಾರಬಾರದು, ಹದಿನೆಂಟು ತುಂಬದವರ ಕೈಯಿಂದ ಮಾರಿಸಲೂಬಾರದು. ಸಂಜೆ ಶಾಲೆ ಬಿಟ್ಟ ಮೇಲೆ ಗಾದಿಯ ಮೇಲೆ ಕೂಡುವ ನಮ್ಮ ಹುಡುಗರು ಬೀಡಿ ಕಟ್ಟು ಎಣಿಸಿಕೊಡುವುದು ಎಷ್ಟು ಅಂಗಡಿಗಳಲ್ಲಿ ನಡೆದಿಲ್ಲ? 2015ರ ಬಾಲನ್ಯಾಯ ಕಾಯಿದೆಯ 77ನೆಯ ಕಲಮು ಇನ್ನೂ ಬಿಗಿಯಾಗಿದೆ. ಮಗುವಿಗೆ ಮದ್ಯ, ಮಾದಕವಸ್ತು ಅಥವಾ ತಂಬಾಕು ಕೊಟ್ಟವನಿಗೆ ಏಳು ವರ್ಷದವರೆಗೆ ಕಠಿಣ ಶಿಕ್ಷೆ, ಒಂದು ಲಕ್ಷ ರೂಪಾಯಿವರೆಗೆ ದಂಡ. 'ಅಪ್ಪ ತರಲು ಹೇಳಿದ್ದಾನೆ' ಎಂದು ಮಗು ಹೇಳಿದ ಮಾತ್ರಕ್ಕೆ ಅಂಗಡಿಕಾರನು ಪಾರಾಗುತ್ತಾನೆಂದು ತಿಳಿಯಬಾರದು. ಮಗುವನ್ನು ಕಳುಹಿಸಿದ ಅಪ್ಪನೂ ವಿಚಾರ ಮಾಡಬೇಕಾದುದೇ. ಸಲ್ಯೂಷನ್, ಥಿನ್ನರ್‌ಗಳನ್ನು ಮಕ್ಕಳ ಕೈಗೆ ಕೊಡುವುದಿಲ್ಲವೆಂದು ಊರಿನ ನಾಲ್ಕು ಅಂಗಡಿಯವರು ಕೂಡಿ ನಿಶ್ಚಯಿಸಿದರೆ ಹೋಗುವ ಲಾಭ ದಿನಕ್ಕೆ ಎಷ್ಟು ರೂಪಾಯಿ? ಔಷಧಿ ಅಂಗಡಿಯವರು ವೈದ್ಯರ ಚೀಟಿ ಇಲ್ಲದೆ ನೋವಿನ ಗುಳಿಗೆ, ಕೆಮ್ಮಿನ ಔಷಧಿಯ ಬಾಟಲಿಗಳನ್ನು ತರುಣರಿಗೆ ಮೇಲಿಂದ ಮೇಲೆ ಕೊಡುತ್ತಿದ್ದರೆ ಅದೂ ಇದೇ ಪಾಪದ ಇನ್ನೊಂದು ಹೆಸರು.

ರೈತ ಬಾಂಧವರ ವಿಷಯ ಗಾಂಜಾದ್ದು. ಕಬ್ಬಿನ ಗದ್ದೆಯ ನಡುವೆ, ತೊಗರಿಯ ಸಾಲುಗಳ ಮರೆಯಲ್ಲಿ ನಾಲ್ಕು ಗಿಡ ಹಚ್ಚಿದರೆ ಸಾಲ ತೀರುತ್ತದೆಂದು ಆಸೆ ತೋರಿಸುವವರು ಹಳ್ಳಿಗೆ ಬರುತ್ತಾರೆ. ಪರವಾನಗಿ ಇಲ್ಲದೆ ಗಾಂಜಾ ಬೆಳೆದರೆ ಹತ್ತು ವರ್ಷದವರೆಗೆ ಕಠಿಣ ಶಿಕ್ಷೆ, ಒಂದು ಲಕ್ಷದವರೆಗೆ ದಂಡ ಇದೆ. ಆಸೆ ತೋರಿಸಿದವನು ಸಿಕ್ಕುವುದಿಲ್ಲ, ಸಿಕ್ಕುವವನು ಹೊಲದವನು. ಹೊಲವನ್ನು ಲಾವಣಿಗೆ ಹಾಕಿ ಪೇಟೆಯಲ್ಲಿರುವವರೂ ಕೇಳಬೇಕು: ತನ್ನ ಭೂಮಿಯಲ್ಲಿ ಗಾಂಜಾ ಬೆಳೆದದ್ದು ಗೊತ್ತಾದ ಕೂಡಲೇ ತಿಳಿಸುವುದು ಭೂಮಾಲಿಕನ ಕರ್ತವ್ಯವೆಂದು ಅದೇ ಕಾಯಿದೆಯ 46ನೆಯ ಕಲಮು ಹೇಳುತ್ತದೆ, ಗೊತ್ತಿದ್ದೂ ಸುಮ್ಮನಿದ್ದರೆ ಶಿಕ್ಷೆ. ಆ ನಾಲ್ಕು ಗಿಡಗಳ ಎಲೆ ಮೊದಲು ಮುಟ್ಟುವುದು ದೂರದ ಮುಂಬಯಿಯನ್ನಲ್ಲ, ಹೊಲ ಕಾಯಲು ಹೋಗುವ ಊರಿನ ಹುಡುಗರನ್ನು ಎಂಬುದೂ ನೆನಪಿರಲಿ.

ಚಟ ಬಿಡಿಸುವುದರಲ್ಲಿ ನಮ್ಮ ಮಠಗಳಿಗೆ ದೊಡ್ಡ ಪರಂಪರೆಯೇ ಇದೆ. ಇಳಕಲ್ಲಿನ ಚಿತ್ತರಗಿ ಸಂಸ್ಥಾನಮಠದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ 'ಮಹಾಂತ ಜೋಳಿಗೆ' ಹಿಡಿದು ಊರೂರು ತಿರುಗಿದರು. ಜೋಳಿಗೆಗೆ ಅವರು ಬೇಡಿದ್ದು ಕಾಳನ್ನಲ್ಲ, ಹಣವನ್ನಲ್ಲ, ಜನರ ದುಶ್ಚಟಗಳನ್ನು. 2018ರಲ್ಲಿ ಅವರು ಲಿಂಗೈಕ್ಯರಾಗುವವರೆಗೂ ಆ ಕೆಲಸ ನಡೆಯಿತು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತಿದೆ. ಜೋಳಿಗೆ ಹಿರಿಯರ ಮುಂದೆ ಚಾಚಿದ್ದು. ಹಾಕಲು ಅವರ ಬಳಿ ಚಟವಿತ್ತು. ನಾವು ಇಲ್ಲಿ ಹೇಳುತ್ತಿರುವುದು ಜೋಳಿಗೆಗೆ ಹಾಕಲು ಏನೂ ಇಲ್ಲದಂತೆ ಮಕ್ಕಳನ್ನು ಬೆಳೆಸುವ ಕೆಲಸ. ಎರಡೂ ಬೇಕು, ಏಕೆಂದರೆ ದಿಲ್ಲಿ ಚೆನ್ನೈಗಳ ಯೋಜನೆಯಂತೆ ಮಕ್ಕಳು ಮನೆಗೆ ಕಾರ್ಡು ಒಯ್ದು 'ಅಪ್ಪಾ, ನೀನೂ ಬಿಡು' ಎಂದಾಗ ತಂದೆಯಾದವನು ಏನಾದರೂ ಉತ್ತರ ಕೊಡಬೇಕಾಗುತ್ತದೆ. ಇಲ್ಲಿಯೇ ಒಂದು ಎಚ್ಚರಿಕೆ: ವರ್ಷಾನುಗಟ್ಟಲೆ ದಿನವೂ ವಿಪರೀತ ಕುಡಿದವರು ಮಗುವಿನ ಮಾತಿಗೆ ಕರಗಿ ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ಕೈನಡುಕ, ಫಿಟ್ಸು, ಬುದ್ಧಿಭ್ರಮೆ ಬಂದು ಜೀವಕ್ಕೇ ಅಪಾಯವಾಗಬಹುದು. ಅಂಥವರು ವೈದ್ಯರ ಸಲಹೆಯಿಂದಲೇ ಬಿಡಬೇಕು. ತಂಬಾಕಿಗೆ ಈ ಭಯವಿಲ್ಲ, ಇಂದೇ ಬಿಡಬಹುದು.

ಒಂದು ದಿನ ಹೋಗಿ ಫೋಟೋ ತೆಗೆಸಿಕೊಂಡು ಬಂದರೆ ಏನೂ ಆಗುವುದಿಲ್ಲ. ಒಂದೇ ತರಗತಿಗೆ ವರ್ಷದಲ್ಲಿ ಐದಾರು ಸಲ, ಮುಕ್ಕಾಲು ತಾಸಿನಂತೆ ಹೋಗಬೇಕು. ಮರುವರ್ಷ ಅದೇ ಮಕ್ಕಳ ಬಳಿಗೆ ಇನ್ನೆರಡು ಸಲ. ಗಡಿಯವರಿಗೆ ಇದರಲ್ಲಿ ಒಂದು ಅನುಕೂಲವೂ ಇದೆ. ಕರ್ನಾಟಕದಲ್ಲಿ ಓದುವ ಮಕ್ಕಳು ದಸರೆಗೆ ಊರಿಗೆ ಬಂದಾಗ ಮಹಾರಾಷ್ಟ್ರದ ಶಾಲೆಗಳು ಹಬ್ಬದ ದಿನದ ಹೊರತು ನಡೆದಿರುತ್ತವೆ, ಅವುಗಳ ದೊಡ್ಡ ರಜೆ ದೀಪಾವಳಿಗೆ. ಆದ್ದರಿಂದ ಮೊದಲ ಎರಡು ಭೇಟಿಗಳನ್ನು ದಸರೆಯ ಸುಮಾರಿಗೆ ಇಟ್ಟುಕೊಂಡು, ಉಳಿದವುಗಳನ್ನು ಸಂಕ್ರಾಂತಿಯ ನಂತರ, ಪರೀಕ್ಷೆಯ ಗಡಿಬಿಡಿ ಆರಂಭವಾಗುವ ಮೊದಲು ಶನಿವಾರಗಳಂದು ಮುಗಿಸಬಹುದು. ಈ ವರ್ಷ ಒಂದು ಊರಿಗೆ ಒಂದು ಶಾಲೆ, ಒಂದು ಶಾಲೆಗೆ ಆರನೆಯ ತರಗತಿ ಒಂದೇ ಸಾಕು. ಊರಿನ ಹಿರಿಯರು ಮೊದಲು ಮುಖ್ಯಾಧ್ಯಾಪಕರನ್ನು ಕಂಡು ಮಾತನಾಡಿದರೆ ಹುಡುಗರಿಗೆ ಬಾಗಿಲು ಬೇಗ ತೆರೆಯುತ್ತದೆ.